ಇಬ್ಬರು ದಾಟಿದ ತಿರುವಿನಲ್ಲಿ ಮೂರನೆಯವನು ಬಿದ್ದದ್ದು ಏಕೆ?

ಮೂರು ಬೈಕುಗಳು ಒಂದೇ ಘಾಟಿಯನ್ನು ಇಳಿಯುತ್ತಿದ್ದವು. ಸಂಜೆಯ ಹೊತ್ತು, ಆಗತಾನೇ ನಿಂತ ತುಂತುರು, ಅಲ್ಲಲ್ಲಿ ಒಣಗಿದ ಡಾಂಬರು. ಎಡಕ್ಕೆ ಹೊರಳುವ ಒಂದು ತಿರುವನ್ನು ಮೊದಲಿನ ಇಬ್ಬರು ಏನೂ ವಿಶೇಷವಿಲ್ಲ ಎಂಬಂತೆ ದಾಟಿದರು. ಕೆಲವೇ ಸೆಕೆಂಡುಗಳ ನಂತರ ಅದೇ ಜಾಗಕ್ಕೆ ಬಂದ ಮೂರನೆಯ ಬೈಕು ಉರುಳಿ, ರಸ್ತೆಯುದ್ದಕ್ಕೂ ಕೆರೆದುಕೊಂಡು ಹೋಗಿ, ಎದುರಿನಿಂದ ಏರಿ ಬರುತ್ತಿದ್ದ ಬಸ್ಸಿನ ಹಿಂದಿನ ಚಕ್ರಕ್ಕೆ ತಾಗಿತು. ಸವಾರನ ಕೊರಳೆಲುಬು ಮುರಿಯಿತು. ಹಿಂದೆ ಕುಳಿತಿದ್ದ ಅವನ ಹೆಂಡತಿಯ ಮಣಿಕಟ್ಟು ಮುರಿದು, ಕೈಗವಸಿಲ್ಲದ ಅಂಗೈಯ ಚರ್ಮ ಕಿತ್ತುಬಂದಿತು. ಇಬ್ಬರೂ ಚೇತರಿಸಿಕೊಂಡಿದ್ದಾರೆ, ಮಾತನಾಡಲು ಸಿದ್ಧರಿದ್ದಾರೆ. ಘಟ್ಟದ ಅಪಘಾತಗಳಲ್ಲಿ ಇದು ಅಪರೂಪ. ಹೆಚ್ಚಿನ ಸಲ ನಡೆದದ್ದನ್ನು ಹೇಳಬೇಕಾದವರೇ ಉಳಿದಿರುವುದಿಲ್ಲ.

ಜಾಗದ ಹೆಸರನ್ನೂ ಜನರ ಹೆಸರನ್ನೂ ಬಿಟ್ಟಿದ್ದೇನೆ. ಎಡಬದಿಯ ಸಂಚಾರವಿರುವ ಯಾವ ಗುಡ್ಡದ ರಸ್ತೆಯಲ್ಲಾದರೂ ಇದು ಹೀಗೆಯೇ ನಡೆಯಬಹುದಿತ್ತು.

ಬಿದ್ದ ಮರುಗಳಿಗೆಯಿಂದಲೇ ಕಾರಣಗಳು ಹುಟ್ಟಿಕೊಂಡವು. ಹಿಂದಿನ ಬ್ರೇಕು ಹಿಡಿಯಲೇ ಇಲ್ಲ ಎಂದು ಸವಾರ ಹೇಳಿದ. ಬಸ್ಸು ನಮ್ಮ ಬದಿಗೆ ನುಗ್ಗಿಬಂತು ಎಂದು ಅವನ ಹೆಂಡತಿ ಹೇಳಿದಳು. ತಿರುವಿನ ನಡುವೆ ಮರಳು ಬಿದ್ದಿತ್ತು, ಬೇರೇನೂ ಅಲ್ಲ ಎಂದು ಗುಂಪಿನ ಮುಂದಾಳು ತೀರ್ಪು ಕೊಟ್ಟ. ಪರಿಶೀಲಿಸಿದಾಗ ಮೂವರೂ ನಿಜವನ್ನೇ ಹೇಳಿದ್ದರು. ಆದರೂ ಇವು ಪ್ರಶ್ನೆಗೆ ಉತ್ತರವಾಗುವುದಿಲ್ಲ. ಮರಳು ಮೊದಲಿಬ್ಬರಿಗೂ ಇತ್ತು. ಬಸ್ಸುಗಳು ಆ ರಸ್ತೆಯಲ್ಲಿ ದಿನವಿಡೀ ಓಡಾಡುತ್ತವೆ. ಬ್ರೇಕು ಆ ತಿರುವಿನಲ್ಲಿ ದಿಢೀರನೆ ಕೆಟ್ಟದ್ದಲ್ಲ, ಬಹಳ ಮೇಲಿನಿಂದಲೇ ಸೋಲುತ್ತಾ ಬಂದಿತ್ತು.

ಸಾಕ್ಷ್ಯ ಸಿಕ್ಕಿದ್ದು ಹಿಂದೆ ಬರುತ್ತಿದ್ದ ಒಂದು ಕಾರಿನಿಂದ. ಅದರ ಮುಂಗಾಜಿಗೆ ಅಂಟಿಸಿದ್ದ ಡ್ಯಾಶ್‌ಕ್ಯಾಮ್ ಇಳಿಜಾರಿನ ಕೊನೆಯ ಭಾಗವನ್ನು ದಾಖಲಿಸಿತ್ತು. ಬಿದ್ದ ಕ್ಷಣ ಅದರಲ್ಲಿಲ್ಲ. ಬೈಕು ಬಂಡೆಯ ಮರೆಗೆ ಸರಿಯುವುದಷ್ಟೇ ಕಾಣುತ್ತದೆ. ಆದರೆ ಅದಕ್ಕೂ ಮುಂಚಿನ ನಿಮಿಷಗಳು ಸ್ಪಷ್ಟವಾಗಿವೆ, ಮತ್ತು ಈ ಪ್ರಕರಣದಲ್ಲಿ ಬೇಕಾದದ್ದು ಆ ನಿಮಿಷಗಳೇ.

ತಿರುವಿಗೆ ಮುಂಚೆ ಸುಮಾರು 150 ಮೀಟರ್ ನೇರ ರಸ್ತೆಯಿದೆ. ಅದರ ಕಣಿವೆಯಂಚಿನಲ್ಲಿ ಸಾಲಾಗಿ ಕಾವಲುಗಲ್ಲುಗಳಿವೆ. ಅವುಗಳಲ್ಲಿ ಎರಡರ ನಡುವೆ 50 ಮೀಟರ್ ಅಳೆದು ಗುರುತಿಟ್ಟುಕೊಂಡು ವಿಡಿಯೊದಲ್ಲಿ ಹೊತ್ತು ಎಣಿಸಿದರೆ, ಮೂರನೆಯ ಬೈಕು ಆ ದೂರವನ್ನು 4 ಸೆಕೆಂಡಿನಲ್ಲಿ ದಾಟಿದೆ. ಅಂದರೆ ಗಂಟೆಗೆ 45 ಕಿಲೋಮೀಟರ್. ದೂರದಲ್ಲಿ ಚುಕ್ಕೆಯಷ್ಟೇ ಕಾಣುವ ಎರಡನೆಯ ಬೈಕಿನ ಕೆಂಪು ದೀಪ ಅದೇ ಕಲ್ಲುಗಳ ನಡುವೆ 6 ಸೆಕೆಂಡು ತೆಗೆದುಕೊಂಡಿದೆ. ಅದು 30 ಕಿಲೋಮೀಟರ್ ವೇಗ.

45 ಕಿಲೋಮೀಟರ್ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಊರೊಳಗಿನ ರಸ್ತೆಯಲ್ಲೂ ಜನ ಆ ವೇಗದಲ್ಲಿ ಹೋಗುತ್ತಾರೆ. ಸವಾರನೂ ಆಸ್ಪತ್ರೆಯ ಹಾಸಿಗೆಯಿಂದ ಅದನ್ನೇ ಹೇಳಿದ: ನಾನು ವೇಗವಾಗಿ ಹೋಗುತ್ತಲೇ ಇರಲಿಲ್ಲ. ಸ್ಪೀಡೋಮೀಟರಿನ ಮಟ್ಟಿಗೆ ಅವನ ಮಾತು ಸರಿ. ಆದರೆ ಗುಡ್ಡದ ರಸ್ತೆಯಲ್ಲಿ ವೇಗವನ್ನು ಅಳೆಯಬೇಕಾದದ್ದು ಮುಂದೆ ಎಷ್ಟು ದೂರ ಕಾಣುತ್ತಿದೆ ಎಂಬುದರಿಂದ.

ಆ ತಿರುವನ್ನು ಟೇಪು ಹಿಡಿದು ಅಳೆದೆವು. ತಿರುವಿನ ತ್ರಿಜ್ಯವನ್ನು ಕಂಡುಹಿಡಿಯಲು ದೊಡ್ಡ ಉಪಕರಣಗಳೇನೂ ಬೇಡ. ಅಂಚಿನ ಎರಡು ಬಿಂದುಗಳ ನಡುವೆ 20 ಮೀಟರಿನ ದಾರವನ್ನು ಬಿಗಿಯಾಗಿ ಎಳೆದು, ಅದರ ನಟ್ಟನಡುವಿನಿಂದ ಅಂಚಿಗೆ ಎಷ್ಟು ದೂರ ಎಂದು ನೋಡಿದರೆ ಉಳಿದದ್ದು ಶಾಲೆಯ ರೇಖಾಗಣಿತ. ತಿರುವಿನ ಬಾಯಲ್ಲಿ ಆ ದೂರ 1.1 ಮೀಟರ್ ಬಂತು, ಒಳಗೆ 2.1 ಮೀಟರ್. ಅಂದರೆ ತ್ರಿಜ್ಯ ಆರಂಭದಲ್ಲಿ ಸುಮಾರು 45 ಮೀಟರ್ ಇದ್ದು, ಒಳಗೆ ಹೋದಂತೆ 25 ಮೀಟರಿಗೆ ಇಳಿಯುತ್ತದೆ. ಘಟ್ಟದ ರಸ್ತೆಗಳಲ್ಲಿ ಅತ್ಯಂತ ಮೋಸದ ತಿರುವು ಇದೇ. ಚೂಪಾದ ಹೇರ್‌ಪಿನ್ ತಿರುವು ದೂರದಿಂದಲೇ ತನ್ನನ್ನು ತೋರಿಸಿಕೊಳ್ಳುತ್ತದೆ, ಅದಕ್ಕೆ ಫಲಕವೂ ಇರುತ್ತದೆ. ಒಳಗೊಳಗೇ ಬಿಗಿಯಾಗುವ ತಿರುವು ಮಾತ್ರ ಮೊದಲ ಅರ್ಧದಲ್ಲಿ ಸವಾರನನ್ನು ಒಳಕ್ಕೆ ಕರೆದುಕೊಂಡು, ಎರಡನೆಯ ಅರ್ಧದಲ್ಲಿ ಲೆಕ್ಕ ಕೇಳುತ್ತದೆ.

ಆ ಲೆಕ್ಕ ಹೀಗಿದೆ. 45 ಕಿಲೋಮೀಟರ್ ವೇಗದಲ್ಲಿ 45 ಮೀಟರ್ ತ್ರಿಜ್ಯದ ತಿರುವನ್ನು ದಾಟಲು ಬೈಕು ಹತ್ತಿರ ಹತ್ತಿರ 20 ಡಿಗ್ರಿ ಬಾಗಬೇಕು. ಅದು ಆರಾಮದ ಬಾಗು, ದಿನನಿತ್ಯದ ಸವಾರರಿಗೆ ಅಭ್ಯಾಸವಿರುವ ಬಾಗು. ಅದೇ ವೇಗದಲ್ಲಿ ತ್ರಿಜ್ಯ 25 ಮೀಟರಿಗೆ ಇಳಿದರೆ 32 ಡಿಗ್ರಿಗಿಂತ ಹೆಚ್ಚು ಬಾಗಬೇಕಾಗುತ್ತದೆ. ಒಣಗಿದ, ಶುಚಿಯಾದ ಡಾಂಬರಿನ ಮೇಲೆ ಒಳ್ಳೆಯ ಟೈರು ಅದನ್ನು ತಡೆದುಕೊಳ್ಳುತ್ತದೆ. ತಡೆದುಕೊಳ್ಳದೆ ಹೋಗುವುದು ಸವಾರನ ಮನಸ್ಸು. ಅಷ್ಟು ಬಾಗಿ ರೂಢಿಯಿಲ್ಲದವನಿಗೆ ಬೈಕು ಬೀಳುತ್ತಿದೆ ಎಂದೇ ಅನಿಸುತ್ತದೆ, ಕೈ ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. ಅದೇ ಬೈಕು 30 ಕಿಲೋಮೀಟರ್ ವೇಗದಲ್ಲಿ ಬಂದಿದ್ದರೆ ತಿರುವಿನ ಅತಿ ಬಿಗಿಯಾದ ಭಾಗದಲ್ಲೂ ಬೇಕಾದದ್ದು ಬರೀ 16 ಡಿಗ್ರಿ. ವೇಗ ಮೂರನೆಯ ಒಂದು ಭಾಗ ತಗ್ಗಿದರೆ ಟೈರಿನ ಮೇಲಿನ ಹೊರೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಏಕೆಂದರೆ ಹೊರೆ ವೇಗದ ವರ್ಗದಂತೆ ಏರಿಳಿಯುತ್ತದೆ. ಘಟ್ಟದಲ್ಲಿ ವಾಹನ ನಡೆಸುವವರು ಒಂದೇ ಒಂದು ಸೂತ್ರವನ್ನು ಕಲಿಯುವುದಾದರೆ ಇದನ್ನು ಕಲಿಯಬೇಕು. ಬೈಕಿಗೂ ಕಾರಿಗೂ ಬಸ್ಸಿಗೂ ಇದು ಒಂದೇ.

ಇನ್ನು ನೋಟದ ದೂರ. ತಿರುವಿನ ಎಡಕ್ಕೆ ಕಡಿದ ಬಂಡೆಯ ಗೋಡೆ. ರಸ್ತೆಯ ಎಡ ಅಂಚಿಗೆ ಹತ್ತಿರವಾಗಿ, ಗೋಡೆಯಿಂದ ಎರಡು ಮೀಟರ್ ದೂರದಲ್ಲಿ ಹೋಗುವವನಿಗೆ ಬಿಗಿಯಾದ ಭಾಗದಲ್ಲಿ 20 ಮೀಟರಿಗಿಂತ ಮುಂದೆ ಏನೂ ಕಾಣುವುದಿಲ್ಲ. ತನ್ನ ಪಥದೊಳಗೇ ಬಲಕ್ಕೆ ಸರಿದು ಗೋಡೆಯಿಂದ ಮೂರೂವರೆ ಮೀಟರ್ ದೂರವಿದ್ದರೆ 25 ಮೀಟರ್ ಕಾಣುತ್ತದೆ. ವಿಡಿಯೊದಲ್ಲಿ ಅವನು ಗೋಡೆಗೆ ಒತ್ತಿಕೊಂಡೇ ತಿರುವಿಗೆ ಇಳಿದಿದ್ದಾನೆ. ಎದುರು ವಾಹನಗಳಿಂದ ದೂರವಿರಬೇಕೆಂಬ ಒಳ್ಳೆಯ ಉದ್ದೇಶವೇ ಅವನ ಕಣ್ಣಿನಿಂದ ಐದು ಮೀಟರ್ ಕಿತ್ತುಕೊಂಡಿತು. ಬಲಕ್ಕೆ ಸರಿಯುವುದು ಎಂದರೆ ನಡುಗೆರೆಯ ಮೇಲೆ ಹೋಗುವುದಲ್ಲ ಎಂದು ಇಲ್ಲಿ ಒತ್ತಿ ಹೇಳಬೇಕು. ಎದುರಿನಿಂದ ಏನಾದರೂ ಕಂಡ ಕೂಡಲೇ ನೋಟದ ಆಸೆ ಬಿಟ್ಟು ಎಡಕ್ಕೆ ಬರಬೇಕು.

20 ಮೀಟರಿನಲ್ಲಿ ನಿಲ್ಲುವುದು ಸಾಧ್ಯವಿತ್ತೇ? ಎಚ್ಚರವಾಗಿರುವವನಿಗೆ ಅಪಾಯ ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಬೇಕು. ಅರೆ ಒದ್ದೆಯಾದ ಇಳಿಜಾರಿನಲ್ಲಿ ಬೈಕು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 5 ಮೀಟರಿನಷ್ಟು, ಅಂದರೆ ಗಂಟೆಗೆ 18 ಕಿಲೋಮೀಟರಿನಷ್ಟು, ವೇಗ ಕಳೆದುಕೊಳ್ಳುತ್ತದೆ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. 45ರ ವೇಗದಲ್ಲಿ ನಿಲ್ಲಲು 28 ಮೀಟರ್ ಬೇಕು. 36ರ ವೇಗದಲ್ಲಿ ಸರಿಯಾಗಿ 20 ಮೀಟರ್. 30ರಲ್ಲಿ 15 ಮೀಟರ್ ಸಾಕು. ರಸ್ತೆ ಕಿರಿದಾಗಿದ್ದು ಎದುರಿನವನೂ ನಮ್ಮ ಪಥದಲ್ಲೇ ಬರುವ ಸಂಭವವಿದ್ದರೆ, ಕಾಣುವ ದೂರದ ಅರ್ಧದಲ್ಲಿ ನಿಲ್ಲಬೇಕೆಂಬುದು ನಿಯಮ. ಹಾಗೆ ಲೆಕ್ಕ ಹಾಕಿದರೆ 22 ಕಿಲೋಮೀಟರ್ ವೇಗ ಬರುತ್ತದೆ. ಈ ಅಂಕಿ ಹೇಳಿದಾಗ ಸವಾರರು ನಗುತ್ತಾರೆ. ನಗಲಿ. ಎರಡು ಪಥವಿರುವ ಆ ರಸ್ತೆಯಲ್ಲಿ ನಾನೂ 22ರಲ್ಲಿ ಹೋಗು ಎನ್ನುವುದಿಲ್ಲ, 30 ಎನ್ನುತ್ತೇನೆ. ಮೊದಲಿಬ್ಬರು ಹೋದದ್ದೂ ಅಷ್ಟರಲ್ಲೇ.

ಈಗ ಬಸ್ಸಿನ ವಿಚಾರ. ಹಿಂಬದಿ ಸವಾರಳು ಕಂಡದ್ದು ಭ್ರಮೆಯಲ್ಲ. ಬಸ್ಸಿನ ಮುಂದಿನ ಚಕ್ರಗಳು ಹೋದ ದಾರಿಯಲ್ಲೇ ಹಿಂದಿನ ಚಕ್ರಗಳು ಹೋಗುವುದಿಲ್ಲ, ತಿರುವಿನ ಒಳಬದಿಗೆ ಸರಿದು ಹೋಗುತ್ತವೆ. ಮುಂಚಕ್ರಕ್ಕೂ ಹಿಂಚಕ್ರಕ್ಕೂ 6 ಮೀಟರ್ ಅಂತರವಿರುವ ಬಸ್ಸು 28 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನ ಚಕ್ರಗಳು ಸುಮಾರು 65 ಸೆಂಟಿಮೀಟರ್ ಒಳಕ್ಕೆ ಸರಿಯುತ್ತವೆ. ನಮ್ಮ ಸವಾರನಿಗೆ ಎಡತಿರುವಾದದ್ದು ಏರಿ ಬರುವ ಬಸ್ಸಿಗೆ ಬಲತಿರುವು. ಅದರ ಒಳಬದಿಯೆಂದರೆ ನಡುಗೆರೆ, ಅಂದರೆ ನಮ್ಮ ಸವಾರನ ಬದಿ. ಬಸ್ಸಿನ ಮೂತಿ ತನ್ನ ಪಥದಲ್ಲಿ ಸರಿಯಾಗಿ ಬರುತ್ತಿರುತ್ತದೆ. ಜಾಗವಿದೆ ಎಂದುಕೊಳ್ಳುವಷ್ಟರಲ್ಲಿ ಅದರ ಪಕ್ಕೆ ಎರಡಡಿ ಈಚೆ ಬಂದಿರುತ್ತದೆ. ಚಾಲಕನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವನು ಹಾಗೆ ತಿರುಗಿಸದಿದ್ದರೆ ಹೊರಗಿನ ಚಕ್ರ ಕಣಿವೆಯಂಚಿನ ಮಣ್ಣಿಗೆ ಇಳಿಯುತ್ತದೆ. ಇನ್ನೂ ಚೂಪಾದ ಹೇರ್‌ಪಿನ್‌ಗಳಲ್ಲಿ ಉದ್ದ ವಾಹನಗಳು ಇಡೀ ರಸ್ತೆಯನ್ನೇ ಬಳಸುತ್ತವೆ. ಅಲ್ಲಿ ಇಳಿಯುವವನು ತಿರುವಿನ ಹೊರಗೇ ನಿಂತು ದಾರಿ ಬಿಡಬೇಕು, ಏಕೆಂದರೆ ಏರುವ ಭಾರೀ ವಾಹನ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಏರುವವನಿಗೆ ಮೊದಲ ಹಕ್ಕು ಎಂಬ ಹಳೆಯ ರೂಢಿ ಸೌಜನ್ಯದಿಂದ ಬಂದದ್ದಲ್ಲ, ಯಂತ್ರದ ಇತಿಮಿತಿಯಿಂದ ಬಂದದ್ದು.

ಬ್ರೇಕಿನ ಕಥೆ ಇನ್ನೂ ಮೇಲಿನಿಂದ ಶುರುವಾಗುತ್ತದೆ. ವಿಡಿಯೊದಲ್ಲಿ ಮೂರನೆಯ ಬೈಕು ಕಾಣುವಷ್ಟು ಹೊತ್ತೂ ಅದರ ಬ್ರೇಕ್ ದೀಪ ಹೆಚ್ಚುಕಡಿಮೆ ಆರಿಯೇ ಇಲ್ಲ. ಸವಾರ ನಾಲ್ಕನೆಯ ಗೇರಿನಲ್ಲಿ, ಕೆಲವೆಡೆ ಕ್ಲಚ್ ಹಿಡಿದುಕೊಂಡು, ಹಿಂದಿನ ಬ್ರೇಕಿನ ಪೆಡಲಿನ ಮೇಲೆ ಪಾದವಿಟ್ಟೇ ಇಳಿದಿದ್ದ. ಬೈಕು, ಇಬ್ಬರು ಸವಾರರು, ಚೀಲಗಳು ಎಲ್ಲ ಸೇರಿ 310 ಕಿಲೋ. ಇಳಿದ ಎತ್ತರ 600 ಮೀಟರ್. ಇಷ್ಟು ಭಾರ ಅಷ್ಟು ಎತ್ತರದಿಂದ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 18 ಲಕ್ಷ ಜೂಲ್. ಐದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ. ಗಾಳಿ ಸ್ವಲ್ಪ ನುಂಗುತ್ತದೆ, ಟೈರು ಸ್ವಲ್ಪ ನುಂಗುತ್ತದೆ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ ಬಹುಪಾಲನ್ನು ನುಂಗುತ್ತದೆ. ಕ್ಲಚ್ ಹಿಡಿದರೆ ಎಂಜಿನ್ ಆಟದಿಂದ ಹೊರಗೆ. ಉಳಿದದ್ದೆಲ್ಲ ಅಂಗೈಯಗಲದ ಒಂದು ಡಿಸ್ಕಿನ ಪಾಲಿಗೆ.

ಆ ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಬ್ರೇಕ್ ದ್ರವಕ್ಕೆ ಹರಿಯುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ. ಶೇ 3.7ರಷ್ಟು ನೀರು ಬೆರೆತ ಸ್ಥಿತಿಗೆ ಅದೇ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಈ ಬೈಕಿನ ದ್ರವವನ್ನು ಕೊಂಡ ದಿನದಿಂದ ಬದಲಿಸಿರಲಿಲ್ಲ. ಜೇನಿನ ಬಣ್ಣದ್ದಾಗಿರಬೇಕಾದದ್ದು ಕಂದಾಗಿತ್ತು. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವ ಒತ್ತಡವನ್ನು ಸಾಗಿಸುತ್ತದೆ, ಗುಳ್ಳೆ ಅದುಮಿಕೊಳ್ಳುತ್ತದೆ ಅಷ್ಟೇ. ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತದೆ, ಚಕ್ರಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಅರ್ಧ ಗಂಟೆ ಬಿಟ್ಟು ಮೆಕ್ಯಾನಿಕ್ ಪರೀಕ್ಷಿಸಿದರೆ ಎಲ್ಲ ತಣ್ಣಗಾಗಿ ಬ್ರೇಕು ಸರಿಯಾಗಿಯೇ ಇರುತ್ತದೆ. ಬ್ರೇಕು ಫೇಲಾಯಿತು ಎಂದವನು ಸುಳ್ಳನಾಗುವುದು ಹೀಗೆ. ಪೆಡಲು ಮೆತ್ತಗಾದದ್ದು ತನಗೆ ಎರಡು ತಿರುವುಗಳ ಮೇಲೆಯೇ ಗೊತ್ತಾಗಿತ್ತು ಎಂದು ಸವಾರ ಆಮೇಲೆ ನೆನಪಿಸಿಕೊಂಡ. ಆಗಲೇ ಬದಿಗೆ ನಿಂತು ಹತ್ತಿಪ್ಪತ್ತು ನಿಮಿಷ ಆರಲು ಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಏಕೆ ನಿಲ್ಲಲಿಲ್ಲ? ಮುಂದಿನವರು ಕಣ್ಣಿಗೆ ಮರೆಯಾಗುತ್ತಾರೆ ಎಂಬ ಆತಂಕದಿಂದ.

ಪ್ರಕರಣದ ತಿರುಳು ಇಲ್ಲಿದೆ. ಗುಂಪಿನಲ್ಲಿ ಅತಿ ಕಡಿಮೆ ಅನುಭವವಿದ್ದವನು, ಅತಿ ಹೆಚ್ಚು ಹೊರೆ ಹೊತ್ತವನು, ಚಿಕ್ಕ ಎಂಜಿನ್ನಿನ ಬೈಕಿನವನು ಎಲ್ಲರಿಗಿಂತ ಹಿಂದಿದ್ದ. ಸಾಲಿನ ತುದಿಯಲ್ಲಿ ಇರುವವನ ಪಾಡು ಯಾವಾಗಲೂ ಒಂದೇ. ಮುಂದಿನವನು ತಿರುವಿನಿಂದ ಹೊರಬಂದು ವೇಗ ಹೆಚ್ಚಿಸುವಾಗ ಅವನಿನ್ನೂ ತಿರುವಿನೊಳಗಿರುತ್ತಾನೆ, ಅಂತರ ಬೆಳೆಯುತ್ತದೆ, ಅದನ್ನು ಮುಚ್ಚಲು ನೇರ ರಸ್ತೆಯಲ್ಲಿ ಎಲ್ಲರಿಗಿಂತ ಜೋರಾಗಿ ಹೋಗಬೇಕಾಗುತ್ತದೆ. ಹಾಗೆ ಹೋಗುತ್ತಾ ಅವನು ರಸ್ತೆಯನ್ನು ಓದುವುದನ್ನು ಬಿಟ್ಟು ಮುಂದಿನವನ ಕೆಂಪು ದೀಪವನ್ನು ಓದತೊಡಗುತ್ತಾನೆ.

ಅಂದು ಅವನು ಓದಿದ್ದು ಏನೆಂದು ಕೇಳಿದೆ. ಉತ್ತರ ಸ್ಪಷ್ಟವಾಗಿತ್ತು. ಎರಡನೆಯ ಬೈಕು ಆ ತಿರುವಿಗೆ ಇಳಿಯುವಾಗ ಅದರ ಬ್ರೇಕ್ ದೀಪ ಹೊತ್ತಲಿಲ್ಲ. ಹಾಗಾದರೆ ತಿರುವು ದೊಡ್ಡದು, ಬ್ರೇಕು ಬೇಡ ಎಂದು ಅವನು ಅಂದುಕೊಂಡ. ವಿಡಿಯೊ ಇದನ್ನು ಅಕ್ಷರಶಃ ದೃಢಪಡಿಸುತ್ತದೆ: ದಾರಿಯುದ್ದಕ್ಕೂ ಉರಿಯುತ್ತಿದ್ದ ಅವನ ಬ್ರೇಕ್ ದೀಪ ತಿರುವಿನ ಬಾಯಲ್ಲಿ ಆರಿದೆ. ಬಂಡೆಯ ಮರೆಗೆ ಸರಿಯುವ ಕ್ಷಣಕ್ಕೆ ಮತ್ತೆ ಹೊತ್ತಿಕೊಂಡಿದೆ.

ಎರಡನೆಯ ಸವಾರನ ದೀಪ ಏಕೆ ಹೊತ್ತಲಿಲ್ಲ? ಅವನು ಎರಡನೆಯ ಗೇರಿಗೆ ಇಳಿದಿದ್ದ. ಎಂಜಿನ್ನೇ ಅವನನ್ನು 30ಕ್ಕೆ ತಂದಿತ್ತು. ಎಂಜಿನ್ನಿನಿಂದ ವೇಗ ತಗ್ಗಿದರೆ ದೀಪ ಹೊತ್ತುವುದಿಲ್ಲ. ಬ್ರೇಕಿನ ಲಿವರು ಅಥವಾ ಪೆಡಲು ಅಲುಗಿದರೆ ಮಾತ್ರ ಹೊತ್ತುತ್ತದೆ. ಮುಂದಿನವನು ಘಟ್ಟ ಇಳಿಯಬೇಕಾದ ಸರಿಯಾದ ಕ್ರಮದಲ್ಲೇ ಇಳಿಯುತ್ತಿದ್ದ, ಹಿಂದಿನವನು ಅದನ್ನು ತಿರುಗುಮುರುಗಾಗಿ ಓದಿಕೊಂಡ. ಅಂತರ ಕಿರಿದಾಗುತ್ತಿರುವುದು ಅವನ ಕಣ್ಣಿಗೆ ಬಿದ್ದಿತ್ತು. ಅದನ್ನು ಅಪಾಯದ ಸೂಚನೆ ಎಂದುಕೊಳ್ಳುವ ಬದಲು, ಅಂತೂ ಹಿಡಿದೆ ಎಂದು ಸಮಾಧಾನಪಟ್ಟ.

ರಸ್ತೆ ತಾನಾಗಿಯೇ ಹೇಳುತ್ತಿದ್ದದ್ದು ಬೇರೆ. ತಿರುವಿನೊಳಗೆ ನೋಡಿದಾಗ ರಸ್ತೆಯ ಎಡ ಅಂಚೂ ಬಲ ಅಂಚೂ ದೂರದಲ್ಲೆಲ್ಲೋ ಕೂಡಿಕೊಂಡಂತೆ ಕಾಣುತ್ತವೆ. ಆ ಕೂಡುವ ಬಿಂದುವಿನ ಮೇಲೆ ಕಣ್ಣಿಟ್ಟರೆ ತಿರುವಿನ ಗುಣ ಗೊತ್ತಾಗುತ್ತದೆ. ಬಿಂದು ನಮ್ಮಷ್ಟೇ ವೇಗದಲ್ಲಿ ಮುಂದೆ ಸರಿಯುತ್ತಿದ್ದರೆ ವೇಗ ಸರಿಯಾಗಿದೆ. ದೂರ ಓಡುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ನಿಂತಲ್ಲೇ ನಿಂತು ನಮ್ಮ ಮೇಲೆ ಬರುವಂತೆ ಕಂಡರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಬೇಕು. ಇದಕ್ಕೆ ಪರಿಚಿತ ರಸ್ತೆ ಬೇಕಿಲ್ಲ, ಫಲಕ ಬೇಕಿಲ್ಲ, ಮೊಬೈಲಿನ ನಕ್ಷೆ ಬೇಕಿಲ್ಲ. ಮರಗಳ ಸಾಲನ್ನೋ ವಿದ್ಯುತ್ ಕಂಬಗಳನ್ನೋ ನೋಡಿ ತಿರುವನ್ನು ಊಹಿಸುವವರಿದ್ದಾರೆ. ಕಂಬಗಳು ರಸ್ತೆಯನ್ನು ಬಿಟ್ಟು ಕಣಿವೆಯ ಮೇಲೆ ನೇರವಾಗಿ ಹಾರುವ ಜಾಗಗಳು ಘಟ್ಟದಲ್ಲಿ ಬೇಕಾದಷ್ಟಿವೆ.

ತಿರುವಿನೊಳಗೆ ಏನಾಯಿತು ಎಂಬುದನ್ನು ಇಬ್ಬರ ನೆನಪಿನಿಂದಲೂ ರಸ್ತೆಯ ಮೇಲಿನ ಗೀರುಗಳಿಂದಲೂ ಜೋಡಿಸಬೇಕಾಯಿತು. ತಿರುವು ಬಿಗಿಯಾಯಿತು, ಬಸ್ಸಿನ ಪಕ್ಕೆ ಕಂಡಿತು. ಪೆಡಲು ಒತ್ತಿದ, ಅದು ಇಳಿದುಹೋಯಿತು. ಮುಂದಿನ ಬ್ರೇಕಿನ ಲಿವರನ್ನು ಗಬಕ್ಕನೆ ಹಿಡಿದ. ಬಾಗಿರುವ ಬೈಕಿನ ಮುಂದಿನ ಟೈರು ನೆಲವನ್ನು ಮುಟ್ಟುವುದು ಅದರ ನಡುವಿನಲ್ಲಲ್ಲ, ಬಾಗಿದ ಬದಿಯಲ್ಲಿ. ಅಲ್ಲಿ ಬ್ರೇಕಿನ ಬಲ ಬಿದ್ದಾಗ ಹ್ಯಾಂಡಲು ತಿರುವಿನ ಒಳಕ್ಕೆ ತಿರುಗಲು ನೋಡುತ್ತದೆ, ಬೈಕು ಎದ್ದು ನೆಟ್ಟಗಾಗುತ್ತದೆ, ನೆಟ್ಟಗಾದ ಬೈಕು ತಿರುಗದೆ ಹೊರಕ್ಕೆ ಹೋಗುತ್ತದೆ. ಹೊರಗೆ ಇದ್ದದ್ದು ಬಸ್ಸು. ಅಷ್ಟು ಹೊತ್ತಿಗೆ ಅವನ ಕಣ್ಣು ಬಸ್ಸಿನ ಚಕ್ರಕ್ಕೆ ಅಂಟಿತ್ತು, ಮತ್ತು ಬೈಕು ಕಣ್ಣಿದ್ದ ಕಡೆಗೇ ಹೋಯಿತು. ಲಿವರು ಬಿಟ್ಟು ಮತ್ತೆ ಎಡಕ್ಕೆ ಬಾಗಿಸಲು ಪ್ರಯತ್ನಿಸಿದ. ಮುಂದಿನ ಚಕ್ರ ನಡುಗೆರೆಯ ಪಕ್ಕದ ಮರಳಿನ ಪಟ್ಟಿಯ ಮೇಲಿತ್ತು. ವಾಹನಗಳ ಚಕ್ರಗಳು ಓಡಾಡದ ಜಾಗದಲ್ಲೇ ಮರಳು ಕೂಡುತ್ತದೆ: ಅಂಚಿನಲ್ಲಿ, ನಡುಗೆರೆಯ ಮೇಲೆ. ತನ್ನ ಪಥದಲ್ಲಿ ಇದ್ದಿದ್ದರೆ ಆ ಮರಳನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಮೊದಲಿಬ್ಬರು ಮುಟ್ಟಲಿಲ್ಲ.

ಆ ಬೈಕಿನಲ್ಲಿ ಎಬಿಎಸ್ ಇತ್ತಲ್ಲ ಎಂದು ಕೇಳಿದವರಿದ್ದಾರೆ. ಇತ್ತು, ಮುಂದಿನ ಚಕ್ರಕ್ಕೆ ಮಾತ್ರ. ಸಾಮಾನ್ಯ ಎಬಿಎಸ್ ಚಕ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಬೈಕು ಎಷ್ಟು ಬಾಗಿದೆ ಎಂಬುದು ಅದಕ್ಕೆ ತಿಳಿಯದು. ಬಾಗನ್ನು ಅಳೆದು ಬ್ರೇಕನ್ನು ಹದಗೊಳಿಸುವ ವ್ಯವಸ್ಥೆಯನ್ನು ಬಾಷ್ ಕಂಪನಿ 2013ರಲ್ಲಿ ಕೆಟಿಎಂ 1190 ಅಡ್ವೆಂಚರ್ ಬೈಕಿನೊಂದಿಗೆ ಮಾರುಕಟ್ಟೆಗೆ ತಂದಿತು. ಇಂದಿಗೂ ಅದು ಹೆಚ್ಚಾಗಿ ದುಬಾರಿ ಬೈಕುಗಳ ಸೊತ್ತು. ಅದಿದ್ದರೂ ಮರಳಿಗೆ ಅಂಟು ತರುವುದಿಲ್ಲ.

ಆ ಕ್ಷಣದಲ್ಲಿ ಬೇರೇನು ಮಾಡಬಹುದಿತ್ತು? ತಿರುವಿನಲ್ಲಿ ಬ್ರೇಕು ಮುಟ್ಟಲೇಬಾರದು ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಮೆಲ್ಲಗೆ ಒತ್ತಿ ಮೆಲ್ಲಗೆ ಬಿಡುವ ಮುಂದಿನ ಬ್ರೇಕು ತಿರುವಿನ ಮೊದಲ ಭಾಗದಲ್ಲಿ ಸಹಾಯವನ್ನೇ ಮಾಡುತ್ತದೆ. ಕೆಡಿಸುವುದು ಗಬಕ್ಕನೆ ಹಿಡಿಯುವುದು. ಅವನಿಗೆ ಉಳಿದಿದ್ದ ಉತ್ತಮ ದಾರಿ, ಬಸ್ಸಿನಿಂದ ಕಣ್ಣು ಕಿತ್ತು ತಿರುವಿನ ಆಚೆ ತುದಿಯತ್ತ ನೋಡಿ, ಹ್ಯಾಂಡಲಿನ ಎಡ ಹಿಡಿಯನ್ನು ಮುಂದಕ್ಕೆ ತಳ್ಳಿ ಬೈಕನ್ನು ಇನ್ನಷ್ಟು ಬಾಗಿಸುವುದು. ಎಡಕ್ಕೆ ಬಾಗಲು ಎಡ ಹಿಡಿಯನ್ನು ಮುಂದಕ್ಕೆ ತಳ್ಳಬೇಕು ಎಂದರೆ ವರ್ಷಗಟ್ಟಲೆ ಬೈಕು ಓಡಿಸಿದವರೂ ನಂಬುವುದಿಲ್ಲ, ದಿನವೂ ಅದನ್ನೇ ಮಾಡುತ್ತಿರುತ್ತಾರೆ. ವಿಮಾನ ಕಟ್ಟುವ ಮುಂಚೆ ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್ ಕೂಡ ಇದನ್ನು ಗಮನಿಸಿದ್ದ: ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಸವಾರರನ್ನು ಕೇಳಿದರೆ ಮೊದಲ ಸಲಕ್ಕೆ ಸರಿಯಾಗಿ ಹೇಳುವವರೇ ಅವನಿಗೆ ಸಿಗಲಿಲ್ಲ. ದೇಹಕ್ಕೆ ಗೊತ್ತಿರುವುದು ತಲೆಗೆ ಗೊತ್ತಿಲ್ಲದಿದ್ದರೆ ಗಾಬರಿಯ ಗಳಿಗೆಯಲ್ಲಿ ಅದನ್ನು ಬೇಕೆಂದು ಕರೆಯಲು ಆಗುವುದಿಲ್ಲ. ಹಾಗಾಗಿ ಬಯಲಿನಲ್ಲಿ, ಖಾಲಿ ಜಾಗದಲ್ಲಿ, 30ರ ವೇಗದಲ್ಲಿ ಇದನ್ನು ಅರಿತು ಅಭ್ಯಾಸ ಮಾಡಬೇಕು.

ಹೀಗೆ ಬೀಳುವುದು ಹೊಸದೇನಲ್ಲ. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಸುತ್ತಮುತ್ತಲಿನ ಸುಮಾರು 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಕೊಟ್ಟ ವರದಿಯಲ್ಲಿ, ಬೇರೆ ವಾಹನದ ಪಾತ್ರವಿಲ್ಲದ ಅಪಘಾತಗಳ ಪೈಕಿ ಮೂರನೆಯ ಎರಡು ಭಾಗಕ್ಕೆ ಸವಾರನ ತಪ್ಪೇ ಮೂಲವೆಂದಿದೆ. ಆ ತಪ್ಪುಗಳಲ್ಲಿ ಎದ್ದುಕಾಣುವುದು ಅತಿಯಾಗಿ ಬ್ರೇಕು ಹಾಕಿ ಜಾರುವುದು, ವೇಗ ಹೆಚ್ಚಾಗಿಯೋ ಸಾಕಷ್ಟು ಬಾಗದೆಯೋ ತಿರುವಿನಲ್ಲಿ ಹೊರಕ್ಕೆ ಹೋಗುವುದು. ನಮ್ಮ ಸವಾರ ಎರಡನ್ನೂ ಒಂದರ ಹಿಂದೊಂದರಂತೆ ಮಾಡಿದ. ಬಸ್ಸು ಬರದಿದ್ದರೂ ಅವನು ಎದುರು ಪಥಕ್ಕೆ ಹೋಗುತ್ತಿದ್ದ, ಅದರಾಚೆ ಕಾವಲುಗಲ್ಲುಗಳಿದ್ದವು.

ಹಿಂಬದಿ ಸವಾರಳ ಪಾಲೂ ಸ್ವಲ್ಪವಿದೆ, ಆದರೆ ತಪ್ಪು ಅವಳದಲ್ಲ. ಬೈಕು ಬಾಗಿದಾಗ ಅವಳು ಹೆದರಿ ಎದುರು ಬದಿಗೆ ನೆಟ್ಟಗೆ ಕುಳಿತಳು. ಬ್ರೇಕು ಬಿದ್ದಾಗ ಅವಳ ಭಾರ ಅವನ ಬೆನ್ನ ಮೇಲೆ, ಅಲ್ಲಿಂದ ಅವನ ತೋಳುಗಳ ಮೇಲೆ ಬಿತ್ತು. ಸವಾರ ಯಾವ ಬದಿಗೆ ತಿರುಗುತ್ತಾನೋ ಆ ಬದಿಯ ಭುಜದ ಮೇಲಿಂದ ಮುಂದೆ ನೋಡು ಎಂಬ ಒಂದು ಮಾತನ್ನು ಹೊರಡುವ ಮುಂಚೆ ಯಾರೂ ಅವಳಿಗೆ ಹೇಳಿರಲಿಲ್ಲ.

ಕಾರು ಚಾಲಕನ ನಡತೆಯನ್ನು ಮೆಚ್ಚಬೇಕು. ಎರಡನೆಯ ಗೇರಿನಲ್ಲಿ, 30ರ ಆಸುಪಾಸಿನಲ್ಲಿ ತಿರುವಿಗೆ ಬಂದ ಅವನು ಬಿದ್ದ ಬೈಕು ಕಂಡ ಕೂಡಲೇ ಕೆಲವು ಮೀಟರ್ ಈಚೆಗೇ ನಿಂತ. ಅಷ್ಟಕ್ಕೇ ಮುಗಿಸಲಿಲ್ಲ. ಜೊತೆಯಲ್ಲಿದ್ದವನನ್ನು ಹಿಂದಕ್ಕೆ, ನೇರ ರಸ್ತೆಯ ಮೇಲ್ತುದಿಗೆ ಓಡಿಸಿ, ಇಳಿಯುವ ವಾಹನಗಳನ್ನು ಅಲ್ಲಿಯೇ ತಡೆಯಲು ಹೇಳಿದ. ಕುರುಡು ತಿರುವಿನೊಳಗೆ ನಿಂತು ಕೈಬೀಸುವುದರಿಂದ ಪ್ರಯೋಜನವಿಲ್ಲ. ಎಚ್ಚರಿಕೆ ಸಿಗಬೇಕಾದದ್ದು ತಿರುವಿನ ಮುಂಚೆ. ಎರಡನೆಯ ಡಿಕ್ಕಿ ಮೊದಲನೆಯದಕ್ಕಿಂತ ಘೋರವಾಗುವುದು ಸಾಮಾನ್ಯವಾಗಿ ಇಲ್ಲಿಯೇ. ಬಸ್ಸಿನಿಂದ ಇಳಿದವರು ಸವಾರನ ಹೆಲ್ಮೆಟ್ ಕಳಚಲು ಹೋದಾಗ, ಉಸಿರಾಡುತ್ತಿದ್ದಾನೆ, ಮಾತನಾಡುತ್ತಿದ್ದಾನೆ, ಕತ್ತು ಅಲುಗಿಸಬೇಡಿ ಎಂದು ತಡೆದವನೂ ಅವನೇ.

ಎಲುಬು ಕೂಡಿದ ಮೇಲೆ ಗುಂಪು ಮತ್ತೆ ಸೇರಿತು. ಸಾಲಿನ ಕ್ರಮ ಬದಲಾಯಿತು: ಅನುಭವ ಕಡಿಮೆ ಇರುವವನು ಈಗ ಸಾಲಿನಲ್ಲಿ ಮುಂದಾಳುವಿನ ನಂತರವೇ ಬರುತ್ತಾನೆ, ವೇಗವನ್ನು ನಿರ್ಧರಿಸುವವನೂ ಅವನೇ. ಒಬ್ಬರು ಇನ್ನೊಬ್ಬರ ಕಣ್ಣಿಗೆ ಕಾಣುತ್ತಲೇ ಇರಬೇಕು ಎಂಬ ನಿಯಮವನ್ನು ತೆಗೆದುಹಾಕಿದರು. ಕವಲು ದಾರಿ ಬಂದಲ್ಲಿ ಮುಂದಿನವನು ನಿಂತು ಕಾಯುತ್ತಾನೆ, ಅಷ್ಟು ಸಾಕು. ಘಾಟಿಯ ನೆತ್ತಿಯಲ್ಲೇ ಎಲ್ಲರೂ ಕೆಳಗಿನ ಗೇರಿಗೆ ಬರುತ್ತಾರೆ, ಏರಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದೇ ಗೇರು ಎಂಬ ಹಳೆಯ ಚಾಲಕರ ಲೆಕ್ಕದಂತೆ. ಬ್ರೇಕನ್ನು ಸವರುತ್ತಾ ಇಳಿಯದೆ, ತಿರುವಿನ ಮುಂಚೆ ನೆಟ್ಟಗಿರುವಾಗ ಗಟ್ಟಿಯಾಗಿ ಒತ್ತಿ, ಆಮೇಲೆ ಪೂರ್ತಿ ಬಿಟ್ಟು ತಣ್ಣಗಾಗಲು ಬಿಡುತ್ತಾರೆ. ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಒಮ್ಮತವಾಗಲಿಲ್ಲ. ಎಂಜಿನ್ನಿನಿಂದ ವೇಗ ತಗ್ಗಿಸುವಾಗ ಲಿವರನ್ನು ತುಸು ಮುಟ್ಟಿ ದೀಪ ಮಿನುಗಿಸೋಣ, ಹಿಂದಿನವನಿಗೆ ಗೊತ್ತಾಗಲಿ ಎಂದು ಎರಡನೆಯ ಸವಾರ ಸೂಚಿಸಿದ. ಮುಂದಾಳು ಒಪ್ಪಲಿಲ್ಲ. ದೀಪ ನೋಡಿ ಓಡಿಸುವ ಚಟವೇ ಇವನನ್ನು ಬೀಳಿಸಿದ್ದು, ಅದಕ್ಕೆ ಇನ್ನಷ್ಟು ನೀರೆರೆಯುವುದು ಬೇಡ ಎಂದ. ನನ್ನನ್ನು ಕೇಳಿದಾಗ ದೀಪ ಮಿನುಗಿಸಿ ಎಂದೇ ಹೇಳಿದೆ, ಹಿಂದೆ ಬರುವ ಅಪರಿಚಿತ ಕಾರಿಗಾಗಿ, ಲಾರಿಗಾಗಿ. ಗೆಳೆಯನಿಗಾಗಿ ಅಲ್ಲ, ಅವನು ಆ ದೀಪ ಕಾಣದಷ್ಟು ಹಿಂದೆಯೇ ಇರಲಿ. ಮುಂದಾಳು ಇನ್ನೂ ಒಪ್ಪಿಲ್ಲ.